ಮೇಂಟೆನೆನ್ಸ್ ಸ್ಟಾಫಿಗೆ ಎಲೆಕ್ಟ್ರಿಕಲ್ ಟ್ರೈನಿಂಗ್ ಕೊಡಿಸ್ಬೇಕು, ಮಾಡ್ಸಿರೋರು ಅನುಭವ ಹೇಳಿ

ನಮ್ದು ಮಡಿಕೇರಿ ಹತ್ರ ಒಂದು ರೆಸಿಡೆನ್ಷಿಯಲ್ ಸ್ಕೂಲು. ಹಾಸ್ಟೆಲ್, ಅಡುಗೆಮನೆ, ಕ್ಲಾಸ್ ಬ್ಲಾಕು, ಸ್ಟಾಫ್ ಕ್ವಾರ್ಟರ್ಸ್ ಎಲ್ಲಕ್ಕೂ ಸೇರಿ ಒಂದೇ ಟ್ರಾನ್ಸ್‌ಫಾರ್ಮರು, ಒಂದು ಡಿಜಿ, ಅಂದ್ರೆ ಡೀಸೆಲ್ ಜನರೇಟರ್. ನೋಡ್ಕೊಳ್ಳೋಕೆ ನಾಲ್ಕು ಜನ ಇದ್ದಾರೆ, ಅದ್ರಲ್ಲಿ ಒಬ್ಬ ಐಟಿಐ ಮಾಡಿದ ಎಲೆಕ್ಟ್ರಿಷಿಯನ್, ಮಿಕ್ಕವರು ಪಂಪು ಪ್ಲಂಬಿಂಗ್ ಅಂತ ಮಾಡ್ತಾ ಮಾಡ್ತಾ ಕಲಿತವರು. ಕರೆಂಟ್ ಬಿಲ್ಲು ಏರ್ತಾನೇ ಇದೆ, ಮ್ಯಾನೇಜ್‌ಮೆಂಟ್‌ನವ್ರು ಇವ್ರಿಗೆ ಎಲ್ಲಾದ್ರೂ ಟ್ರೈನಿಂಗ್ ಕೊಡ್ಸಿ, ಬಿಲ್ ಇಳಿಸಿ ಅಂತ ನನ್ನ ತಲೆಗೆ ಕಟ್ಟಿದ್ದಾರೆ. ಬೆಂಗಳೂರಿಗೆ ಕಳಿಸ್ಬೇಕಾ, ಇಲ್ಲೇ ಯಾರನ್ನಾದ್ರೂ ಕರೆಸ್ಬೇಕಾ? ಏನು ಕಲಿಸ್ಬೇಕು ಅಂತಾನೇ ನಂಗೆ ಸರಿಯಾಗಿ ಗೊತ್ತಿಲ್ಲ.

ಆಸ್ಪತ್ರೆ ಮೇಂಟೆನೆನ್ಸ್ ಸೂಪರ್‌ವೈಸರ್, ಮಡಿಕೇರಿ

ಸರ್, ನಾವು ಎರಡೂ ಮಾಡಿ ನೋಡಿದೀವಿ. ಹೊರಗಿಂದ ಬಂದ ಟ್ರೈನರ್ ಒಳ್ಳೆಯವ್ರೇ, ವಿಷಯಾನೂ ಗೊತ್ತಿತ್ತು, ಆದ್ರೆ ಅರ್ಧ ದಿನ ಎಸಿ ಬಗ್ಗೆ ಹೇಳಿದ್ರು, 24 ಡಿಗ್ರಿಗೆ ಇಡಿ, ಒಂದೊಂದು ಡಿಗ್ರಿ ಏರಿಸಿದ್ರೂ ಸುಮಾರು 6 ಪರ್ಸೆಂಟ್ ಉಳಿಯುತ್ತೆ ಅಂತ. ಮಾತು ನಿಜ, ಆದ್ರೆ ಮಡಿಕೇರಿಯಲ್ಲಿ ಆಪರೇಷನ್ ಥಿಯೇಟರ್, ಲ್ಯಾಬು ಬಿಟ್ರೆ ಎಸಿ ಎಲ್ಲಿದೆ ಹೇಳಿ. ಫ್ಯಾನೇ ವರ್ಷದಲ್ಲಿ ಎರಡು ಮೂರು ತಿಂಗಳು ತಿರುಗಿದ್ರೆ ಹೆಚ್ಚು. ಕಮ್ಮಿ ಕರೆಂಟಿನ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟು, ಹಳೇದು 75 ವ್ಯಾಟು, ಸರಿ, ಕುಶಾಲನಗರದ ಕಡೆಯವ್ರು ಹಾಕ್ಸಿದ್ರೆ ಬೇಗ ದುಡ್ಡು ವಾಪಸ್ ಬರುತ್ತೆ, ನಮ್ಗೆ ಬರಲ್ಲ. ನಮ್ಮ ಕಡೆ ಕರೆಂಟ್ ತಿನ್ನೋದು ಬಿಸಿನೀರು, ಪಂಪು, ರೂಮ್ ಹೀಟರು. ಅದಕ್ಕೇ ಹೇಳೋದು, ಯಾರನ್ನೇ ಕರೆಸಿ, ಮೊದ್ಲು ಅವ್ರನ್ನ ನಿಮ್ಮ ಪ್ಯಾನಲ್ ರೂಮಿಗೆ ಕರ್ಕೊಂಡು ಹೋಗಿ, ಪ್ರಾಜೆಕ್ಟರ್ ಆಮೇಲೆ.

ನಮ್ಮ ಹುಡುಗ್ರಿಗೆ ನಿಜವಾಗ್ಲೂ ಕಲಿಸಿದ್ದು ಒಂದು ಕ್ಲ್ಯಾಂಪ್ ಮೀಟರು (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯೋದು) ಮತ್ತು ಒಂದು ಪುಸ್ತಕ. ಬೆಳಿಗ್ಗೆ ಆರಕ್ಕೆ, ರಾತ್ರಿ ಹನ್ನೊಂದಕ್ಕೆ ಮೇನ್ ಮೀಟರ್ ರೀಡಿಂಗ್ ಬರೀಬೇಕು, ಪ್ರತಿ ಔಟ್‌ಗೋಯಿಂಗ್ ಫೀಡರ್‌ಗೆ, ಅಂದ್ರೆ ಒಂದೊಂದು ಬ್ಲಾಕಿಗೆ ಹೋಗೋ ಲೈನಿಗೆ, ಕ್ಲ್ಯಾಂಪ್ ಹಾಕಿ ಮೂರು ಫೇಸಿನ ಆಂಪ್ಸ್ ಬರೀಬೇಕು, ಅಷ್ಟೇ. ಮೊದ್ಲ ವಾರ ಬೇಜಾರಲ್ಲೇ ಬರೆದ್ರು. ಆಮೇಲೆ ಅವ್ರಲ್ಲೇ ಒಬ್ಬ ಬಂದು ಕೇಳ್ದ, ಸಾರ್ ರಾತ್ರಿ ಎಲ್ರೂ ಮಲಗಿದ ಮೇಲೂ ಹಿಂದಿನ ಬ್ಲಾಕ್ ಫೀಡರ್‌ಲ್ಲಿ ಇಷ್ಟು ಯಾಕೆ ಎಳೀತಿದೆ ಅಂತ. ಹುಡುಕಿದ್ರೆ ಮೇಲಿನ ಟ್ಯಾಂಕಿನ ಫ್ಲೋಟ್ ಸ್ವಿಚ್ ಕೆಟ್ಟು ಪಂಪ್ ಓಡ್ತಾನೇ ಇದೆ, ನೀರು ಓವರ್‌ಫ್ಲೋ ಆಗಿ ಚರಂಡಿಗೆ. ಮಳೆಗಾಲ ಬೇರೆ, ಎಲ್ಲಾ ಕಡೆ ನೀರೇ ಹರೀತಿರುತ್ತೆ, ಯಾರ ಕಣ್ಣಿಗೂ ಬಿದ್ದಿಲ್ಲ. 5 ಎಚ್‌ಪಿ ಮೋಟ್ರು ಎರಡು ಗಂಟೆ ಸುಮ್ನೆ ಓಡಿದ್ರೆ 8-9 ಯೂನಿಟ್ ಹೋಯ್ತು ಅಂತ ಅವತ್ತು ಅವ್ನೇ ಲೆಕ್ಕ ಹಾಕ್ದ. ಕ್ಲಾಸಲ್ಲಿ ಕೂರಿಸಿ ಹೇಳಿದ್ರೆ ಇದು ತಲೆಗೆ ಹೋಗ್ತಿರ್ಲಿಲ್ಲ.

ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್, ಗೋಣಿಕೊಪ್ಪ

ಬಿಲ್ ಆಮೇಲೆ ಇಳಿಸಿ ಸ್ವಾಮಿ, ಮೊದ್ಲು ಜೀವ. ಆ ನಾಲ್ಕು ಜನರಲ್ಲಿ ವೈರ್‌ಮನ್ ಪರ್ಮಿಟ್ ಯಾರಿಗಿದೆ ಕೇಳಿ. ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರೇಟ್ ಕಡೆಯಿಂದ ಬರೋ ಪರ್ಮಿಟ್ಟು, ಅದಿಲ್ಲದವ್ರನ್ನ ಪ್ಯಾನಲ್ ಒಳಗೆ ಕೈ ಹಾಕೋಕೆ ಬಿಡ್ಬೇಡಿ. ಪ್ಲಂಬರ್ ಹುಡುಗ್ರಿಗೆ ಆಫ್ ಮಾಡೋದು, ಬೀಗ ಹಾಕೋದು, ಬೋರ್ಡ್ ತಗುಲಿಹಾಕೋದು, ಟೆಸ್ಟರ್ ಅಲ್ಲ ಮೀಟರ್ ಇಟ್ಟು ಸಪ್ಲೈ ಇಲ್ಲ ಅಂತ ಖಚಿತ ಮಾಡ್ಕೊಳ್ಳೋದು, ಇಷ್ಟು ಕಲಿಸಿ ಸಾಕು.

ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಮುಖ್ಯ ಡಿಜಿ ಚೇಂಜ್‌ಓವರ್, ಅಂದ್ರೆ ಮೇನ್ ಲೈನಿಂದ ಜನರೇಟರಿಗೆ ಬದಲಾಯ್ಸೋದು. ಜೂನಿಂದ ಮರ ಬೀಳೋಕೆ ಶುರುವಾದ್ರೆ ಲೈನ್‌ಮನ್‌ಗಳು ಹಗಲು ರಾತ್ರಿ ಕಂಬದ ಮೇಲೇ ಇರ್ತಾರೆ. ಕೆಲವು ಕಡೆ ಸಣ್ಣ ಜನರೇಟರ್ ತಂದು ಸೀದಾ ಒಂದು ಪ್ಲಗ್ಗಿಗೆ ಕೊಟ್ಟು ಇಡೀ ಕಟ್ಟಡ ಉರಿಸ್ತಾರೆ, ಮೇನ್ ಆಫ್ ಮಾಡೋದು ಮರೆತ್ರೆ ಆ ಕರೆಂಟು ಹಿಂದಕ್ಕೆ ಹೋಗಿ ಟ್ರಾನ್ಸ್‌ಫಾರ್ಮರಲ್ಲಿ 11 ಕೆವಿ ಆಗುತ್ತೆ, ಲೈನ್ ಆಫ್ ಇದೆ ಅಂತ ನಂಬ್ಕೊಂಡು ಮೇಲೆ ಹತ್ತಿರೋನ ಗತಿ ಏನು? ಇದನ್ನ ನಿಮ್ಮ ಹುಡುಗ್ರಿಗೆ ಚಿತ್ರ ಬರೆದು ತೋರಿಸಿ. ಮೂರು ಫೇಸು, ನ್ಯೂಟ್ರಲ್ ನಾಲ್ಕನ್ನೂ ಒಟ್ಟಿಗೆ ಬದಲಾಯ್ಸೋ ಫೋರ್ ಪೋಲ್ ಚೇಂಜ್‌ಓವರ್ ಸ್ವಿಚ್ ಬಿಟ್ಟು ಬೇರೆ ದಾರೀಲಿ ಡಿಜಿ ಕೊಡೋ ಹಾಗೇ ಇಲ್ಲ ಅಂತ ಗೋಡೆ ಮೇಲೆ ಬರ್ಸಿ.

ಇನ್ನೊಂದು ಆರ್‌ಸಿಸಿಬಿ, ಕರೆಂಟ್ ಲೀಕ್ ಆದ್ರೆ ತಾನೇ ಆಫ್ ಆಗೋ ಸ್ವಿಚ್ಚು. ಮಳೆಗಾಲದಲ್ಲಿ ಪದೇ ಪದೇ ಟ್ರಿಪ್ ಆಗುತ್ತೆ ಅಂತ ಬೈಪಾಸ್ ಮಾಡಿ ಇಟ್ಟಿರ್ತಾರೆ, ನಾನು ಹೋದ ಎಷ್ಟೋ ಹೋಂಸ್ಟೇಗಳಲ್ಲಿ ಇದೇ ಕಥೆ. ಟ್ರಿಪ್ ಆಗ್ತಿದೆ ಅಂದ್ರೆ ಅದು ಕೆಲ್ಸ ಮಾಡ್ತಿದೆ ಅಂತ. ಸಾಮಾನ್ಯವಾಗಿ ಗಾರ್ಡನ್ ಲೈಟಲ್ಲಿ ನೀರು ಹೋಗಿರುತ್ತೆ, ಇಲ್ಲಾಂದ್ರೆ ಗೀಸರ್ ಎಲಿಮೆಂಟು. ಒಂದೊಂದೇ ಸರ್ಕ್ಯೂಟ್ ಬಿಡಿಸಿ, 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯೋ ಮೀಟರು) ಹಾಕಿ ಹಿಡಿಯೋದನ್ನ ಕಲಿಸಿ. ಹೊರಗಿನ ಲೈಟಿಗೆ ಬೇರೆ 30 ಮಿಲಿ ಆಂಪಿನ ಆರ್‌ಸಿಸಿಬಿ ಕೊಟ್ಟುಬಿಟ್ರೆ ಹಾಸ್ಟೆಲ್ ಕತ್ತಲಾಗಲ್ಲ, ಬೈಪಾಸ್ ಮಾಡೋ ಆಸೇನೂ ಬರಲ್ಲ.

ನ್ಯೂಟ್ರಲ್ ಲೂಸ್ ಆದ್ರೆ ಹೇಗೆ ಗುರುತಿಸೋದು ಅಂತಾನೂ ಹೇಳ್ಕೊಡಿ. ಒಂದು ರೂಮಲ್ಲಿ ಬಲ್ಬು ಕಣ್ಣು ಕುಕ್ಕೋ ಹಾಗೆ ಉರಿಯುತ್ತೆ, ಪಕ್ಕದ ರೂಮಲ್ಲಿ ಮಂಕು, ಅಳೆದ್ರೆ ಒಂದು ಫೇಸಲ್ಲಿ 290 ತೋರಿಸುತ್ತೆ ಇನ್ನೊಂದ್ರಲ್ಲಿ 160. ಆಗ ಫ್ಯೂಸ್ ಹುಡುಕ್ತಾ ಕೂರಬಾರ್ದು, ಓಡಿ ಹೋಗಿ ಮೇನ್ ಆಫ್. ತಡ ಮಾಡಿದ್ರೆ ಟಿವಿ, ಕಂಪ್ಯೂಟರ್, ಫ್ರಿಜ್ಜು ಎಲ್ಲಾ ಸಾಲಾಗಿ ಸುಡುತ್ತೆ.

ಕೇಳಿದವರು

ಥ್ಯಾಂಕ್ಸ್ ಅಣ್ಣ. ಪರ್ಮಿಟ್ ವಿಚಾರ ನಾನು ಯೋಚ್ನೆನೇ ಮಾಡಿರ್ಲಿಲ್ಲ, ವಿಚಾರಿಸ್ತೀನಿ. ಬಿಸಿನೀರಿನದ್ದು ಯಾರಾದ್ರೂ ಹೇಳ್ತೀರಾ? ಹಾಸ್ಟೆಲ್‌ಲ್ಲಿ ಬಾತ್‌ರೂಮಿಗೊಂದು 25 ಲೀಟರಿನ ಗೀಸರ್ ಇದೆ, ಸೋಲಾರೂ ಇದೆ ಆದ್ರೆ ಜೂನಿಂದ ಸೆಪ್ಟೆಂಬರ್ ತನಕ ಅದು ಹೆಸರಿಗೆ ಮಾತ್ರ.

ರೆಸಾರ್ಟ್ ಎಂಜಿನಿಯರ್, ಸೋಮವಾರಪೇಟೆ ಕಡೆ

ಸರ್ ಇದು ನಮ್ಮ ನಿತ್ಯದ ಗೋಳು, ಹಂಗಾಗಿ ಸ್ವಲ್ಪ ಉದ್ದ ಬರೀತೀನಿ. 25 ಲೀಟರ್ ನೀರು 18 ಡಿಗ್ರಿಯಿಂದ 60ಕ್ಕೆ ಏರ್ಬೇಕಾದ್ರೆ ಒಂದೂಕಾಲು ಯೂನಿಟ್ ಹತ್ರ ಬೇಕು, 50ಕ್ಕೆ ನಿಲ್ಸಿದ್ರೆ ಒಂದು ಯೂನಿಟ್ಟಿಗೂ ಸ್ವಲ್ಪ ಕಮ್ಮಿ. ಆದ್ರೆ ಸುಮ್ನೆ ಥರ್ಮೋಸ್ಟಾಟ್ ಇಳಿಸಿದ್ರೆ ಪೂರ್ತಿ ಉಳೀತು ಅನ್ಕೋಬೇಡಿ, ಮಕ್ಕಳು ತಣ್ಣೀರು ಕಮ್ಮಿ ಬೆರೆಸ್ಕೊಂಡು ಅದೇ ಶಾಖ ಖರ್ಚು ಮಾಡ್ತಾರೆ. ನಿಜವಾಗಿ ಉಳಿಯೋದು ಬಳಸ್ದೆ ಇದ್ದಾಗ ಸುಮ್ನೆ ಆರಿಹೋಗೋ ಶಾಖ. ಇಡೀ ದಿನ ಆನ್ ಇದ್ರೆ ಅದು ಆರ್ತಾ ಇರುತ್ತೆ, ಮತ್ತೆ ಕಾಯ್ತಾ ಇರುತ್ತೆ. ಟೈಮರ್ ಹಾಕ್ಸಿ.

ಅದಕ್ಕಿಂತ ದೊಡ್ಡದು ಡಿಮ್ಯಾಂಡ್, ಅಂದ್ರೆ ಒಂದೇ ಹೊತ್ತಿಗೆ ಎಳೆಯೋ ಅತಿ ಹೆಚ್ಚು ಲೋಡು. ಬೆಳಿಗ್ಗೆ ಆರೂವರೆಗೆ 20 ಗೀಸರ್ ಒಟ್ಟಿಗೆ ಆನ್ ಆದ್ರೆ, ಒಂದೊಂದು 2 ಕಿಲೋವ್ಯಾಟ್, 40 ಕಿಲೋವ್ಯಾಟ್ ಒಂದೇ ಸಲ. ಟ್ರಾನ್ಸ್‌ಫಾರ್ಮರ್ ಇರೋದ್ರಿಂದ ನಿಮ್ದು ಎಚ್‌ಟಿ (ಹೈ ಟೆನ್ಷನ್) ಕನೆಕ್ಷನ್ನೇ ಇರ್ಬೇಕು, ಹಾಗಿದ್ರೆ ಬಿಲ್ಲಲ್ಲಿ ಯೂನಿಟ್ ಜೊತೆಗೆ ಕೆವಿಎ ಡಿಮ್ಯಾಂಡಿಗೂ ದುಡ್ಡು ಹಾಕಿರ್ತಾರೆ, ಒಪ್ಪಂದದ ಮಿತಿ (ಕಾಂಟ್ರಾಕ್ಟ್ ಡಿಮ್ಯಾಂಡ್) ಮೀರಿದ್ರೆ ದಂಡ ಬೇರೆ. ಟೈಮರ್‌ನ ಒಂದೇ ಹೊತ್ತಿಗೆ ಇಡ್ಬೇಡಿ, ಮಹಡಿ ಮಹಡಿಗೆ ಮುಂಚೆ ಹಿಂದೆ ಮಾಡಿ. ಟ್ರೈನಿಂಗ್‌ಲ್ಲಿ ಸೆಸ್ಕ್ (ನಮ್ಮ ಕರೆಂಟ್ ಕಂಪನಿ) ಬಿಲ್ಲನ್ನೇ ಹಾಳೆಗೆ ಪ್ರಿಂಟ್ ಹಾಕ್ಸಿ ಸಾಲು ಸಾಲಾಗಿ ಓದ್ಸಿ, ಡಿಮ್ಯಾಂಡ್ ಎಲ್ಲಿದೆ, ಪವರ್ ಫ್ಯಾಕ್ಟರ್ (ಎಳೆದ ಕರೆಂಟಲ್ಲಿ ಎಷ್ಟು ಕೆಲ್ಸಕ್ಕೆ ಬಂತು ಅನ್ನೋ ಲೆಕ್ಕ) ಎಷ್ಟಿದೆ ಅಂತ. ನಮ್ಮ ಹುಡುಗ್ರು ಅಲ್ಲಿವರೆಗೂ ಬಿಲ್ಲು ಅನ್ನೋದನ್ನ ಕಣ್ಣಲ್ಲೇ ನೋಡಿರ್ಲಿಲ್ಲ, ಅದು ಅಕೌಂಟ್ಸ್ ಸೆಕ್ಷನ್ನಿನ ಆಸ್ತಿ. ಬಿಲ್ ತೋರಿಸ್ದೆ ಬಿಲ್ ಇಳಿಸು ಅಂದ್ರೆ ಹೇಗೆ?

ಮುಂದೆ ದುಡ್ಡು ಕೊಟ್ರೆ ಹೀಟ್ ಪಂಪ್ (ಹೊರಗಿನ ಗಾಳಿಯ ಶಾಖ ಎಳೆದು ನೀರು ಕಾಯಿಸೋದು) ಕೇಳಿ. ಗೀಸರ್ ತಗೊಳ್ಳೋ ಕರೆಂಟಿನ ಸುಮಾರು ಮೂರನೇ ಒಂದು ಭಾಗದಲ್ಲಿ ಅದೇ ನೀರು ಕಾಯುತ್ತೆ, ನಮ್ಮ ಡಿಸೆಂಬರ್ ಚಳಿಗೆ ಸ್ವಲ್ಪ ಜಾಸ್ತಿ ತಗೊಳ್ಳುತ್ತೆ ಅಷ್ಟೇ.

ಡಿಜಿನೂ ನೋಡಿ. ರಾತ್ರಿ ನಾಲ್ಕು ಲೈಟಿಗೋಸ್ಕರ ದೊಡ್ಡ ಡಿಜಿ ಓಡ್ಸಿದ್ರೆ ಡೀಸೆಲ್ಲಿಗೆ ಬೆಂಕಿ ಇಟ್ಟ ಹಾಗೆ, ಒಳ್ಳೆ ಲೋಡಲ್ಲಿ ಲೀಟರಿಗೆ ಮೂರು ಮೂರೂವರೆ ಯೂನಿಟ್ ಕೊಡೋದು ಕಮ್ಮಿ ಲೋಡಲ್ಲಿ ಎರಡಕ್ಕೂ ಇಳಿಯುತ್ತೆ, ಎಂಜಿನ್ನಲ್ಲಿ ಮಸಿ ಕೂರೋದು ಬೇರೆ. ರಾತ್ರಿಗೆ ಇನ್ವರ್ಟರ್ ಸಾಕು.

ಐಟಿಐ ಇನ್‌ಸ್ಟ್ರಕ್ಟರ್

ಎಲ್ಲಿ ಅಂತ ಕೇಳಿದ್ರಲ್ಲ. ಮಡಿಕೇರಿ ಐಟಿಐನಲ್ಲಿ ಕೇಳಿ, ಕುಶಾಲನಗರದ ಪಾಲಿಟೆಕ್ನಿಕ್ಕು, ಸರ್ಕಾರಿ ಎಂಜಿನಿಯರಿಂಗ್ ಕಾಲೇಜಲ್ಲೂ ವಿಚಾರಿಸಿ, ಮೇಷ್ಟ್ರುಗಳಲ್ಲಿ ಯಾರಾದ್ರೂ ಒಂದೆರಡು ದಿನ ನಿಮ್ಮಲ್ಲಿಗೇ ಬರ್ತಾರಾ ಅಂತ. ಪಂಪ್, ಡಿಜಿ ಸರ್ವೀಸಿಗೆ ಬರೋ ಎಂಜಿನಿಯರನ್ನೂ ಬಿಡ್ಬೇಡಿ, ಒಂದು ಗಂಟೆ ಹೆಚ್ಚಿಗೆ ನಿಲ್ಸಿ ಹುಡುಗ್ರ ಕೈಲೇ ಬಿಚ್ಚಿಸಿ. ಒಂದು ಫೇಸ್ ಹೋದ್ರೆ ಮೋಟ್ರು ನಿಲ್ಸೋ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಇದ್ಯಾ ಅಂತಾನೂ ನೋಡ್ಸಿ, ಮಳೆಗಾಲದಲ್ಲಿ ಒಂದು ಫೇಸ್ ಹೋಗಿ ಮೋಟ್ರು ಸುಡೋದು ಇಲ್ಲಿ ಮಾಮೂಲು. ಬಿಇಇ (ಕೇಂದ್ರ ಸರ್ಕಾರದ ಬ್ಯೂರೋ ಆಫ್ ಎನರ್ಜಿ ಎಫಿಷಿಯನ್ಸಿ) ಎನರ್ಜಿ ಮ್ಯಾನೇಜರ್ ಪರೀಕ್ಷೆ ಈ ಹುಡುಗ್ರಿಗಲ್ಲ, ಅದು ಡಿಗ್ರಿ ಡಿಪ್ಲೊಮಾ ಆಗಿ ಅನುಭವ ಇರೋರಿಗೆ. ಆದ್ರೆ ಅದರ ನಾಲ್ಕು ಪುಸ್ತಕದಲ್ಲಿ ಮೂರನೇದು ಪೂರ್ತಿ ಎಲೆಕ್ಟ್ರಿಕಲ್, ಇಂಗ್ಲಿಷಲ್ಲಿದೆ, ನೀವು ಓದಿ ಕನ್ನಡದಲ್ಲಿ ಹೇಳಿ. ಪ್ಯಾನಲ್ ಮೇಲಿನ ಲೇಬಲ್ಲೂ ಕನ್ನಡದಲ್ಲೇ ಇರ್ಲಿ, ಡಿಬಿ-3 ಅಂದ್ರೆ ಯಾರಿಗೂ ನೆನಪಿರಲ್ಲ, ಹುಡುಗಿಯರ ಹಾಸ್ಟೆಲ್ ಮೇಲಿನ ಮಹಡಿ ಅಂತ ಬರೆದ್ರೆ ರಾತ್ರಿ ಪಾಳಿಯವ್ನಿಗೂ ಗೊತ್ತಾಗುತ್ತೆ.

ಕೇಳಿದವರು

ಸರಿ ಹಾಗಾದ್ರೆ ಬೆಂಗಳೂರು ಬೇಡ, ಇಲ್ಲೇ ಮಾಡ್ತೀವಿ. ಯಾವಾಗ ಇಟ್ಕೊಳ್ಳೋದು? ಮಕ್ಕಳು ಇರೋವಾಗ ಕರೆಂಟ್ ತೆಗೆಯೋಕೆ ಆಗಲ್ಲ.

ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್, ಗೋಣಿಕೊಪ್ಪ

ಏಪ್ರಿಲ್ ರಜೆಯಲ್ಲೇ ಮಾಡ್ಸಿ, ಬ್ಲಾಕ್ ಬ್ಲಾಕ್ ಶಟ್‌ಡೌನ್ ತಗೊಂಡು. ವೈರ್ ತುದಿಯ ಲಗ್ಗುಗಳನ್ನ ಬಿಗಿ ಮಾಡೋದು, ಕಪ್ಪಾಗಿರೋದು ಬದಲಾಯ್ಸೋದು, ಪ್ಯಾನಲ್ ಒಳಗಿನ ಇರುವೆಗೂಡು ಕ್ಲೀನ್ ಮಾಡೋದು ಎಲ್ಲಾ ಪಾಠದ ಲೆಕ್ಕಕ್ಕೇ ಬರುತ್ತೆ. ಅರ್ತ್ ಪಿಟ್ಟಿನ ರೆಸಿಸ್ಟೆನ್ಸೂ ಆಗ್ಲೇ ಅಳೆಸಿ, ನೆಲ ಒಣಗಿರುವಾಗ ಬರೋ ರೀಡಿಂಗೇ ನಿಜವಾದ್ದು. ಜುಲೈಯಲ್ಲಿ ಅಳೆದ್ರೆ ಇಡೀ ಕೊಡಗೇ ಒದ್ದೆ, ಎಲ್ಲಾ ಪಿಟ್ಟೂ ಪಾಸ್.