ಅಪ್‌ಡೇಟ್: ಸಿಯಾಯಾದ ಮಕ್ಕಳ ಮನೆಗೆ ಬಟ್ಟೆಯೋ ದುಡ್ಡೋ?

ಕೀನ್ಯಾದ ಸಿಯಾಯಾ ಕಡೆಯ ಹಳ್ಳಿಯೊಂದರ ಅನಾಥಾಲಯಕ್ಕೆ ನೈರೋಬಿಯಿಂದ ಬಟ್ಟೆ ಕಳಿಸೋದಾ, ದುಡ್ಡಾ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ದುಡ್ಡೇ ಕಳಿಸುತ್ತಿದ್ದೇವೆ, ಎಂ-ಪೆಸಾದಲ್ಲಿ (ಮೊಬೈಲ್‌ನಲ್ಲೇ ದುಡ್ಡು ಕಳಿಸುವ ಅಲ್ಲಿನ ಸೇವೆ). ಕೊಯ್ಲಾದ ಮೇಲೆ ಮೆಕ್ಕೆಜೋಳ ಅಗ್ಗ. ಅನಾಥಾಲಯದವರು ಆಗಲೇ ಮೂಟೆಗಟ್ಟಲೆ ಕೊಂಡಿಡುತ್ತಾರೆ. ದಿನಾ ತಿನ್ನುವ ಉಗಾಲಿಗೆ (ನಮ್ಮ ಮುದ್ದೆಯ ಬಿಳಿ ತಮ್ಮ ಅನ್ನಿ) ಅದರ ಹಿಟ್ಟೇ ಬೇಕಲ್ವಾ? ಹಳೆ ಬಟ್ಟೆಯಂತೂ ಅಲ್ಲಿನ ಸಂತೆಯಲ್ಲೇ ರಾಶಿ ರಾಶಿ ಸಿಗುತ್ತದೆ.

ಸರ್ಕಾರದ ಕಾಗದಪತ್ರ ನೋಡಿ ಅಂತ ಒಬ್ಬರು ಹೇಳಿದ್ದು ಜಾಸ್ತಿ ಉಪಯೋಗವಾಯಿತು. ಕೀನ್ಯಾ 2017ರಲ್ಲೇ ಹೊಸ ಅನಾಥಾಲಯಗಳ ನೋಂದಣಿ ನಿಲ್ಲಿಸಿತ್ತು. ಮಕ್ಕಳನ್ನು ಕುಟುಂಬಗಳಿಗೆ ಮರಳಿಸಲು 2022ರಿಂದ ಹತ್ತು ವರ್ಷದ ಯೋಜನೆಯೂ ಇದೆ. ಈ ಅನಾಥಾಲಯದ ಎಷ್ಟೋ ಮಕ್ಕಳಿಗೆ ಅಜ್ಜಿಯೋ ಚಿಕ್ಕಪ್ಪನೋ ಇದ್ದಾರೆ. ಹಾಗಾಗಿ ಹೊಸ ಕೋಣೆ ಕಟ್ಟಿಸುವ ಯೋಚನೆ ಬಿಟ್ಟೆವು. ಆ ದುಡ್ಡು ಮನೆಗೆ ಮರಳುವ ಮಕ್ಕಳ ಯೂನಿಫಾರಂ, ಸ್ಕೂಲ್ ಖರ್ಚಿಗೆ.