ಅಪ್‌ಡೇಟ್: ಹೆಲಿಕೇಸ್ ಇಲ್ಲದೆ ಡಿಎನ್‌ಎ ಬಿಚ್ಚೋದು ಯಾರು? ಉತ್ತರ ಸಿಕ್ತು

ಹೋದ ವಾರ ಕೇಳಿದ್ದೆನಲ್ಲ, ಡಿಎನ್‌ಎ ನಕಲಾಗುವಾಗ ಎಳೆ ಬಿಚ್ಚೋಕೆ ಹೆಲಿಕೇಸ್ ಅನ್ನೋ ಕಿಣ್ವ ಬೇಕು, ಡಿಎನ್‌ಎ ನೋಡಿ ಆರ್‌ಎನ್‌ಎ ತಯಾರಿಸೋ ಆರ್‌ಎನ್‌ಎ ಪಾಲಿಮರೇಸ್ ಕಿಣ್ವಕ್ಕೆ ಮಾತ್ರ ಯಾಕೆ ಬೇಡ ಅಂತ. ನೀವೆಲ್ಲ ಕೊಟ್ಟ ಸಲಹೆಗಳನ್ನು ನೋಡಿ ಈಗ ತಲೆಗೆ ಹೋಯ್ತು.

"ಎ-ಟಿ ಜೋಡಿಗೆ ಎರಡೇ ಹೈಡ್ರೋಜನ್ ಬಂಧ, ತಾನಾಗೇ ಬಿಚ್ಚುತ್ತೆ" ಅಂದವರ ಮಾತು ಅರ್ಧ ಸರಿ (ಎ, ಟಿ ಅಂದ್ರೆ ಡಿಎನ್‌ಎಯ ಎರಡೆಳೆಗಳಲ್ಲಿ ಜೋಡಿಯಾಗೋ 'ಅಕ್ಷರ'ಗಳು). ಬ್ಯಾಕ್ಟೀರಿಯಾದಲ್ಲಿ ಪಾಲಿಮರೇಸ್‌ಗೆ ಅಂಟಿಕೊಳ್ಳೋ ಸಿಗ್ಮಾ ಅಂಶ ಅನ್ನೋ ಪ್ರೋಟೀನ್, ಮೈನಸ್ 11ನೇ ಜಾಗದ (ಅಂದ್ರೆ ಆರ್‌ಎನ್‌ಎ ಶುರುವಾಗೋ ಜಾಗಕ್ಕಿಂತ 11 ಅಕ್ಷರ ಹಿಂದಿನ) 'ಎ'ಯನ್ನು ಹೊರಕ್ಕೆ ಮಗುಚಿ ತನ್ನ ಜೇಬಲ್ಲಿ ಹಿಡ್ಕೊಳ್ಳುತ್ತೆ. ಅಲ್ಲಿಂದ ಸುಮಾರು 13 ಜೋಡಿ ತೆರೆದು ಗುಳ್ಳೆಯಾಗುತ್ತೆ. ಇದಕ್ಕೆ ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡೋ ಅಣು) ಖರ್ಚೇ ಇಲ್ಲ! "ಎಟಿಪಿ ಬೇಕೇ ಬೇಕು" ಅನ್ನೋ ಸಲಹೆ ಇಲ್ಲಿ ಕೈಕೊಟ್ಟಿತು. ಅದು ಹೊಂದೋದು ನಮ್ಮ ಜೀವಕೋಶದ ಆರ್‌ಎನ್‌ಎ ಪಾಲಿಮರೇಸ್ 2ಕ್ಕೆ. ಅಲ್ಲಿ ಟಿಎಫ್‌ಐಐಎಚ್ ಅನ್ನೋ ಸಹಾಯಕ ಎಟಿಪಿ ಖರ್ಚು ಮಾಡಿ ತೆರೆಯುತ್ತೆ.

ನಿಜಕ್ಕೂ ಕೆಲಸಕ್ಕೆ ಬಂದಿದ್ದು ಹಗ್ಗದ ಸಲಹೆ. ಎರಡೆಳೆ ಹುರಿಯನ್ನು ಎರಡೂ ತುದಿ ಬಿಗಿದು ಕಟ್ಟಿ, ನಡುವೆ ಪೆನ್ನು ತೂರಿಸಿ ತಳ್ಳಿದೆ. ಮುಂದೆ ಹುರಿ ಬಿಗಿದು ಗಂಟುಗಂಟಾಯ್ತು, ಹಿಂದೆ ಸಡಿಲವಾಯ್ತು. ಡಿಎನ್‌ಎಯಲ್ಲೂ ಹೀಗೇ ಆಗುತ್ತಂತೆ. ಆ ಬಿಗಿತ ಇಳಿಸೋಕೇ ಟೋಪೋಐಸೋಮರೇಸ್ ಅನ್ನೋ ಕಿಣ್ವಗಳು ಇರೋದು.

ಅಚ್ಚರಿ ಇನ್ನೊಂದು: ಶುರುವಿನಲ್ಲಿ ಪಾಲಿಮರೇಸ್ ನಿಂತಲ್ಲೇ ನಿಂತು ಮುಂದಿನ ಡಿಎನ್‌ಎಯನ್ನು ಒಳಗೆಳೆದು ಮುದುರಿಡುತ್ತೆ. 2006ರಲ್ಲಿ ಒಂಟಿ ಅಣು ಪ್ರಯೋಗಗಳಲ್ಲಿ ಇದು ಕಾಣಿಸಿತಂತೆ.

ಹುರಿ ಇನ್ನೂ ಕಿಟಕಿ ಸರಳಲ್ಲೇ ಇದೆ, ಅಮ್ಮ ಬಟ್ಟೆ ಒಣಗಿಸ್ತಿದ್ದಾರೆ.