ಬಾಡಿಗೆ ಮನೆಯ ತಾರಸಿಯಲ್ಲಿ ಬೈಕ್ ಭಾಗಗಳಿಗೆ ಸ್ಪ್ರೇ ಬಣ್ಣ: ಪೇಂಟರ್‌ಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಕುವೆಂಪುನಗರ, ಮೈಸೂರು): ನಮಸ್ಕಾರ ಸಾರ್. ತಂದೆಯವರ ಹಳೆಯ ಯೆಜ್ಡಿ ಬೈಕಿನ ಚೈನ್ ಕೇಸ್, ಪಕ್ಕದ ಬಾಕ್ಸ್ ಮುಚ್ಚಳಗಳು ಮತ್ತು ಸ್ಟ್ಯಾಂಡ್ ಬಿಚ್ಚಿ ಇಟ್ಟಿದ್ದೇನೆ. ಜುಲೈ ಎರಡನೇ ಭಾನುವಾರದ ಜಾವಾ-ಯೆಜ್ಡಿ ದಿನಕ್ಕೆ ಗಾಡಿ ರಸ್ತೆಗಿಳಿಯಬೇಕು. ಸ್ಪ್ರೇ ಕ್ಯಾನ್ ತಂದು ನಾನೇ ಬಣ್ಣ ಹೊಡೆಯಬೇಕೆಂದಿದ್ದೇನೆ. ಕಷ್ಟವೆಂದರೆ ಇದು ಬಾಡಿಗೆ ಮನೆ. ತಾರಸಿಯಲ್ಲಿ ಮಾಲೀಕರ ಬಟ್ಟೆ ಒಣಗುತ್ತಿರುತ್ತದೆ, ಕೆಳಗೆ ಅವರ ಬಿಳಿ ಕಾರು ನಿಂತಿರುತ್ತದೆ. ಎಲ್ಲಿಯೂ ಕಲೆಯಾಗದಂತೆ ಕೆಲಸ ಮುಗಿಸುವುದು ಹೇಗೆ?

ಉತ್ತರ (ಪೇಂಟರ್, ಮಂಡಿ ಮೊಹಲ್ಲಾ): ನೋಡಿ ಸಾರ್, ಮನೆ ಕೆಡಿಸುವುದು ಚೆಲ್ಲಿದ ಬಣ್ಣವಲ್ಲ, ಹಾರಿದ ಬಣ್ಣ. ಕ್ಯಾನಿನಿಂದ ಹೊರಟದ್ದೆಲ್ಲ ತಗಡಿಗೆ ಹತ್ತುವುದಿಲ್ಲ. ಮಿಕ್ಕದ್ದರಲ್ಲಿ ಹತ್ತಿರ ಬಿದ್ದದ್ದು ಹಸಿಯಾಗಿಯೇ ಕೂತು ಅಂಟಿಕೊಳ್ಳುತ್ತದೆ, ದೂರ ಹೋದದ್ದು ಗಾಳಿಯಲ್ಲೇ ಒಣಗಿ ಪುಡಿಯಾಗುತ್ತದೆ. ಪುಡಿಯನ್ನು ಗುಡಿಸಬಹುದು, ಹಸಿಯಾಗಿ ಕೂತದ್ದನ್ನು ಗುಡಿಸಲಾಗದು. ಆದ್ದರಿಂದ ಹತ್ತಿರದ್ದನ್ನು ಪೆಟ್ಟಿಗೆಯೊಳಗೇ ಹಿಡಿದಿಡಬೇಕು.

ಫ್ರಿಜ್ ಅಥವಾ ವಾಷಿಂಗ್ ಮೆಷಿನ್ ಬಂದ ರಟ್ಟಿನ ಪೆಟ್ಟಿಗೆ ಎಲ್ಲಿಯಾದರೂ ಸಿಗುತ್ತದೆ. ಒಂದು ಮಗ್ಗುಲು ತೆರೆದು ಮಲಗಿಸಿ. ಮೇಲ್ಭಾಗದಲ್ಲಿ ಎರಡು ತೂತು ಮಾಡಿ ಒಂದು ಕೋಲು ತೂರಿಸಿ, ಅದಕ್ಕೆ ತಂತಿಯಲ್ಲಿ ಭಾಗಗಳನ್ನು ನೇತುಹಾಕಿ. ನೆಲದ ಮೇಲಿಟ್ಟು ಹೊಡೆದರೆ ಅಂಚು ನೆಲಕ್ಕೇ ಅಂಟುತ್ತದೆ, ತಿರುಗಿಸಲು ಹೋದಾಗ ಬೆರಳಚ್ಚು ಬೀಳುತ್ತದೆ. ಪೆಟ್ಟಿಗೆಯ ತಳಕ್ಕೂ ಎದುರಿನ ನೆಲಕ್ಕೂ ಗೋಣಿಚೀಲ ಒದ್ದೆ ಮಾಡಿ ಹಾಸಿ. ದಿನಪತ್ರಿಕೆ ಬೇಡ, ಗಾಳಿಗೆ ಎದ್ದು ಹಸಿ ಬಣ್ಣಕ್ಕೇ ಬಂದು ಮೆತ್ತಿಕೊಳ್ಳುತ್ತದೆ. ಹಳೆಯ ಬೆಡ್‌ಶೀಟ್ ಅಂತೂ ಎಳೆ ಉದುರಿಸುತ್ತದೆ, ಬಣ್ಣವನ್ನೂ ಕೆಳಕ್ಕೆ ಇಳಿಸುತ್ತದೆ.

ಇನ್ನು ನಿಮ್ಮ ಜುಲೈ ತಿಂಗಳು. ಆಷಾಢದ ಗಾಳಿ ಪಶ್ಚಿಮದ ಕಡೆಯಿಂದ ಬೀಸುತ್ತದೆ. ತಾರಸಿಯ ಮೆಟ್ಟಿಲ ಕೋಣೆಯ ಪೂರ್ವದ ಗೋಡೆ ಮರೆಯಲ್ಲಿ ಪೆಟ್ಟಿಗೆ ಇಡಿ. ತುಂತುರು ಇರುವ ದಿನ, ಅಥವಾ ಬೆಳಗಿನ ತೇವ ಆರುವ ಮೊದಲು ಕ್ಯಾನ್ ಮುಟ್ಟಬೇಡಿ. ಬಣ್ಣದಲ್ಲಿರುವ ದ್ರಾವಕ ಆವಿಯಾಗುವಾಗ ತಗಡನ್ನು ತಣ್ಣಗೆ ಮಾಡುತ್ತದೆ, ಗಾಳಿಯ ತೇವ ಅಲ್ಲಿ ಇಬ್ಬನಿಯಾಗಿ ಕೂರುತ್ತದೆ, ಕಪ್ಪು ಬಣ್ಣ ಮಂಕಾಗಿ ಬೆಳ್ಳಗಾಗುತ್ತದೆ. ಹತ್ತೂವರೆಯಿಂದ ಮಧ್ಯಾಹ್ನದೊಳಗೆ ಬಿಸಿಲು ಕಂಡರೆ ಅದೇ ಮುಹೂರ್ತ. ಮಾಲೀಕರಿಗೆ ಮೊದಲೇ ಹೇಳಿ, ಬಟ್ಟೆ ತೆಗೆಸಿ, ಕಾರಿಗೆ ಹೊದಿಕೆ ಹಾಕಿಸಿ. ಥಿನ್ನರ್ ವಾಸನೆಯನ್ನು ಯಾರೂ ಬಚ್ಚಿಡಲಾರರು.

ಪ್ರಶ್ನೆ (ಅದೇ ಸದಸ್ಯರು): ಹಳೆಯ ಬಣ್ಣವನ್ನು ಪೂರ್ತಿ ತೆಗೆಯಬೇಕೇ?

ಉತ್ತರ: ಯೆಜ್ಡಿ ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಗಾಡಿ ತಯಾರಾಗುವುದು ನಿಂತದ್ದು 1996ರಲ್ಲಿ. ಅಂದಿನಿಂದ ಆ ಚೈನ್ ಕೇಸ್ ಮೇಲೆ ಯಾರು ಯಾರು ಯಾವ ಬಣ್ಣ ಬಳಿದಿದ್ದಾರೋ ದೇವರೇ ಬಲ್ಲ. ಹಳೆಯ ಎನಾಮೆಲ್ ಮೇಲೆ ಕ್ಯಾನಿನ ಬಣ್ಣ ಬಿದ್ದರೆ ಕೆಲವೊಮ್ಮೆ ಸುಕ್ಕುಗಟ್ಟಿ ಏಳುತ್ತದೆ. ಒಳಮಗ್ಗುಲಲ್ಲಿ ಸ್ವಲ್ಪ ಹೊಡೆದು ನೋಡಿ. ಎದ್ದರೆ ಪೂರ್ತಿ ಕೆರೆಯಿರಿ, ಏಳದಿದ್ದರೆ ಮಣ್ಣುಬಣ್ಣದ ತುಕ್ಕು ಇರುವ ಕಡೆ ಮಾತ್ರ ತಗಡು ಕಾಣುವಷ್ಟು ಉಜ್ಜಿ.

ಉಜ್ಜುವ ಮೊದಲು ಗ್ರೀಸ್ ತೊಳೆಯಬೇಕು, ಹೆಚ್ಚಿನವರು ಇದನ್ನು ಹಿಂದುಮುಂದು ಮಾಡುತ್ತಾರೆ. ಜಿಡ್ಡಿನ ಮೇಲೆ ಉಜ್ಜುವ ಪೇಪರ್ ಆಡಿಸಿದರೆ ಜಿಡ್ಡನ್ನು ಗೀರುಗಳೊಳಗೆ ತುಂಬಿದಂತೆ. ಸೀಮೆಎಣ್ಣೆ, ನಂತರ ಪಾತ್ರೆ ತೊಳೆಯುವ ಸೋಪಿನ ನೀರು, ಆಮೇಲೆ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಪೇಪರ್ (ನಂಬರ್ ಹೆಚ್ಚಿದಷ್ಟೂ ನಯ): 180ರಿಂದ ತುಕ್ಕು, 400ರಿಂದ ನುಣುಪು. ನೀರು ಹಾಕಿಯೇ ಉಜ್ಜಿ. ಅಷ್ಟು ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣ ದೂಳು ಎದ್ದರೆ ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ಕೊನೆಗೆ ಥಿನ್ನರ್ ಬಟ್ಟೆಯಲ್ಲಿ ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಸ್ಕ್ರೂ ಕೂರುವ ತೂತುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಇಲ್ಲದಿದ್ದರೆ ಜೋಡಿಸುವಾಗ ಅಳುತ್ತೀರಿ.

ಪ್ರಶ್ನೆ (ಇನ್ನೊಬ್ಬರು): ಅಣ್ಣ, ನಾನು ಹೊಡೆದರೆ ಬಣ್ಣ ಯಾವಾಗಲೂ ಸೋರಿ ಇಳಿಯುತ್ತದೆ. ಯಾಕೆ?

ಉತ್ತರ: ಒಂದೇ ಕೋಟಿನಲ್ಲಿ ಮುಚ್ಚಬೇಕೆಂಬ ಆತುರ, ಬೇರೇನಿಲ್ಲ. ಕ್ಯಾನಿನೊಳಗಿನ ಗೋಲಿ ಕಟಕಟ ಎನ್ನಲು ಶುರುವಾದ ಮೇಲೂ ಒಂದೆರಡು ನಿಮಿಷ ಅಲ್ಲಾಡಿಸಿ. ಎಂಟರಿಂದ ಹತ್ತು ಇಂಚು ದೂರ ಹಿಡಿಯಿರಿ. ಭಾಗದ ಹೊರಗೆ ಗುಂಡಿ ಒತ್ತಿ, ಕೈ ಸಮವಾಗಿ ಎಳೆದು, ಆಚೆ ದಾಟಿದ ಮೇಲೆ ಬಿಡಿ. ಭಾಗದ ಮೇಲೆಯೇ ಶುರು ಮಾಡಿದರೆ ಅಲ್ಲೇ ದಪ್ಪ ಹನಿ ಬೀಳುತ್ತದೆ. ಒಂದು ಎಳೆತದ ಅರ್ಧ ಅಗಲದ ಮೇಲೆ ಮುಂದಿನ ಎಳೆತ ಬರಬೇಕು. ಮೊದಲ ಕೋಟ್ ಹಾಕಿದಾಗ ಒಳಗಿನ ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ತಳದ ಕೋಟ್) ಇನ್ನೂ ಕಾಣಬೇಕು. ಕಾಣದಿದ್ದರೆ ಹೆಚ್ಚಾಯಿತು ಎಂದೇ ಅರ್ಥ. ಹತ್ತು ನಿಮಿಷ ಬಿಟ್ಟು ಮತ್ತೊಂದು. ನಡುವೆ ನಳಿಕೆಯ ತುದಿಯನ್ನು ಬಟ್ಟೆಯಿಂದ ಒರೆಸಿ, ಅಲ್ಲಿ ಕೂಡುವ ಹನಿಯೇ ಆಮೇಲೆ ಉಗುಳುತ್ತದೆ. ಸೋರಿದ್ದನ್ನು ಹಸಿಯಲ್ಲಿ ಮುಟ್ಟಬೇಡಿ. ಪೂರ್ತಿ ಗಟ್ಟಿಯಾದ ಮೇಲೆ 800ರ ಪೇಪರಿನಲ್ಲಿ ಇಳಿಸಿ.

ಪ್ರಶ್ನೆ (ಮಂಡ್ಯದಿಂದ): ನನ್ನ ಸ್ಕೂಟರಿನ ಪ್ಲಾಸ್ಟಿಕ್ ಪ್ಯಾನೆಲ್‌ಗೆ ಹೊಡೆಯಬೇಕು. ನಮಗೆ ತಾರಸಿ ಇಲ್ಲ. ಬಚ್ಚಲಮನೆ ಟೈಲ್ಸ್‌ನದು, ತೊಳೆದರೆ ಹೋಗುತ್ತದಲ್ಲ, ಅಲ್ಲಿಯೇ ಆಗಬಹುದೇ?

ಉತ್ತರ: ಬೇಡ ಮೇಡಂ, ಖಂಡಿತ ಬೇಡ. ಕ್ಯಾನಿನಿಂದ ಬಣ್ಣ ತಳ್ಳುವ ಅನಿಲ ಸಾಮಾನ್ಯವಾಗಿ ಅಡುಗೆ ಅನಿಲದ ಜಾತಿಯದೇ. ಗಾಳಿಗಿಂತ ಭಾರ, ನೆಲದಲ್ಲೇ ತಂಗುತ್ತದೆ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಏನಾದೀತು ಎಂದು ನಾನು ಹೇಳಬೇಕಾಗಿಲ್ಲ. ಪಕ್ಕದ ಕೋಣೆಯಲ್ಲಿ ದೇವರ ದೀಪ ಉರಿಯುತ್ತಿದ್ದರೂ ಅಷ್ಟೇ. ಹಿತ್ತಿಲು, ಪರಿಚಿತರ ಖಾಲಿ ಸೈಟು, ಯಾವುದಾದರೂ ತೆರೆದ ಜಾಗ ನೋಡಿ. ಪ್ಲಾಸ್ಟಿಕ್‌ಗೆ ಅದರದೇ ಪ್ರೈಮರ್ ಬರುತ್ತದೆ. ಅದಿಲ್ಲದೆ ಹೊಡೆದರೆ ಬಣ್ಣ ಹಾಳೆಹಾಳೆಯಾಗಿ ಕಿತ್ತುಬರುತ್ತದೆ. ಥಿನ್ನರ್‌ನಲ್ಲಿ ಒರೆಸಬೇಡಿ, ಕೆಲವು ಪ್ಲಾಸ್ಟಿಕ್ ಕರಗುತ್ತದೆ.

ಪ್ರಶ್ನೆ: ಕೊರೊನಾ ಕಾಲದ ಎನ್-95 ಮಾಸ್ಕ್ ಸಾಕೇ? ಹಾಗೇ ಟ್ಯಾಂಕಿಗೂ ಹೊಡೆದುಬಿಡಲೇ?

ಉತ್ತರ: ಎನ್-95 ಕಣಗಳನ್ನು ತಡೆಯುತ್ತದೆ, ಥಿನ್ನರ್ ಆವಿಯನ್ನಲ್ಲ. ಆವಿಗೆಂದೇ ಇರುವ ಕಾರ್ಟ್ರಿಡ್ಜ್ ಮಾಸ್ಕ್ ಕೊಳ್ಳಿ.

ಟ್ಯಾಂಕ್ ಮಾತ್ರ ಪೇಂಟಿಂಗ್ ಶೆಡ್ಡಿಗೆ ಕೊಡಿ. ನನ್ನ ವ್ಯಾಪಾರಕ್ಕೆಂದು ಹೇಳುತ್ತಿಲ್ಲ, ಬೇರೆ ಯಾರಿಗಾದರೂ ಕೊಡಿ. ಸಾಮಾನ್ಯ ಕ್ಯಾನಿನ ಬಣ್ಣಕ್ಕೆ ಪೆಟ್ರೋಲ್ ತಾಗಿದರೆ ಮೆತ್ತಗಾಗಿ ಅಂಟಂಟಾಗುತ್ತದೆ, ಬಂಕಿನಲ್ಲಿ ಒಂದು ಹನಿ ಚೆಲ್ಲಿದರೆ ಮುಗಿಯಿತು. ಪೆಟ್ರೋಲನ್ನು ತಡೆಯುವುದು ಹಾರ್ಡ್ನರ್ (ಗಟ್ಟಿ ಮಾಡುವ ದ್ರವ) ಬೆರೆಯುವ ಕ್ಲಿಯರ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಕೋಟ್. ಅದರಲ್ಲಿನ ಐಸೊಸಯನೇಟ್ ಎಂಬ ರಾಸಾಯನಿಕ ಉಸಿರಿನಲ್ಲಿ ಹೋದರೆ ಆಸ್ತಮಾ ತರಬಹುದು. ಅದು ಮನೆಯಲ್ಲಿ ಆಡುವ ವಸ್ತುವಲ್ಲ. ಜೊತೆಗೆ ಖಾಲಿ ಟ್ಯಾಂಕಿನಲ್ಲೂ ಪೆಟ್ರೋಲ್ ಆವಿ ಇರುತ್ತದೆ.

ಪ್ರಶ್ನೆ (ಕುವೆಂಪುನಗರ): ಕಪ್ಪಿನ ಬದಲು ಮರೂನ್ ಮಾಡಿದರೆ ತೊಂದರೆಯೇ? ಎಷ್ಟು ದಿನ ಒಣಗಬೇಕು? ಕೊನೆಯದಾಗಿ, ಅಕಸ್ಮಾತ್ ಕಾರಿನ ಮೇಲೆ ಪುಡಿ ಬಿದ್ದರೆ?

ಉತ್ತರ: ಗಾಡಿಯ ಬಣ್ಣ ಆರ್‌ಸಿಯಲ್ಲಿ ನಮೂದಾಗಿರುತ್ತದೆ. ಇಡೀ ಗಾಡಿಯ ಬಣ್ಣ ಬದಲಿಸುವುದಾದರೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಅರ್ಧ ಗಂಟೆಯಲ್ಲಿ ಕೈಗೆ ಹತ್ತುವುದಿಲ್ಲ ಎಂದು ಮೋಸ ಹೋಗಬೇಡಿ. ಒಳಗೆ ಇನ್ನೂ ಮೆತ್ತಗಿರುತ್ತದೆ, ವಾಷರ್ ಬಿಗಿದರೆ ಚಕ್ರಾಕಾರವಾಗಿ ಕಿತ್ತುಬರುತ್ತದೆ. ಮಳೆಗಾಲದಲ್ಲಿ ಒಂದು ವಾರ ಬಿಟ್ಟು ಜೋಡಿಸಿ.

ಕಾರಿನ ಮೇಲೆ ಪುಡಿ ಬಿದ್ದರೆ ಥಿನ್ನರ್ ಹಿಡಿದು ಓಡಬೇಡಿ, ಅವರ ಬಣ್ಣವೇ ಹೋದೀತು. ಒಣಬಟ್ಟೆಯಲ್ಲಿಯೂ ಉಜ್ಜಬೇಡಿ. ಮೊದಲು ಧಾರಾಳವಾಗಿ ನೀರು ಹಾಯಿಸಿ ತೊಳೆಯಿರಿ. ಆಮೇಲೂ ಕೈಯಾಡಿಸಿದಾಗ ತರಿತರಿ ಎನ್ನಿಸಿದರೆ ಕಾರು ಪಾಲಿಷ್ ಮಾಡುವವರ ಬಳಿ ಕ್ಲೇ ಬಾರ್ (ಜೇಡಿಮಣ್ಣಿನಂಥ ಮೆತ್ತನೆಯ ತುಂಡು) ಇರುತ್ತದೆ. ಸೋಪಿನ ನೀರು ಚಿಮುಕಿಸಿಕೊಂಡು ಅದನ್ನು ಮೆಲ್ಲಗೆ ಆಡಿಸಿದರೆ ಪುಡಿ ಅದಕ್ಕೆ ಅಂಟಿಕೊಂಡು ಬರುತ್ತದೆ. ಆ ಖರ್ಚು ನನ್ನದೇ ಎಂದು ಮಾಲೀಕರಿಗೆ ಮೊದಲೇ ಒಪ್ಪಿಕೊಂಡುಬಿಡಿ.